ನೆಲ ಒಂಬತ್ತರ ರೋಗಿ

ಊಟ ಬಲ್ಲವನಿಗೆ ರೋಗವಿಲ್ಲ, ಡ್ಯೂಟಿ ಬಲ್ಲವನಿಗೆ ಊಟವಿಲ್ಲ. ಗಾದೆಯ ಬಾಲ ಕತ್ತರಿಸಿ ಬೇರೆ ಬಾಲ ಹೊಲಿದವನು ನಾನೇ. ಮುಂದಿನ ಕತೆಗೆ ಮಾತ್ರ ಒಂದು ಹೊಲಿಗೆಯನ್ನೂ ಹಾಕಿಲ್ಲ. ನಡೆದದ್ದು ನಡೆದ ಹಾಗೆ.

2007ರ ಮಳೆಗಾಲ. ತಿರುವನಂತಪುರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ನಾನೂ ಬೋಪಯ್ಯನೂ ಮೆಡಿಸಿನ್ ವಿಭಾಗದ ಎರಡನೆಯ ವರ್ಷದ ಪಿ.ಜಿ.ಗಳು. ಪಿ.ಜಿ. ಅಂದರೆ ‘ಪೇಷೆಂಟಿಗಿಂತ ಗಂಭೀರ’ ಎಂದು ಹಾಸ್ಟೆಲ್ ತುಂಬ ಹಂಚಿದವನು ನಾನು. ಕುಂಬಳೆಯ ಶ್ರೀನಿಧಿ, ಮನೆಯೊಳಗೆ ಕನ್ನಡ, ಗೇಟು ದಾಟಿದರೆ ಮಲಯಾಳ. ಬೋಪಯ್ಯ ವಿರಾಜಪೇಟೆಯವನು, ಆರಡಿ ಎತ್ತರ, ಮೂರು ಜನರ ಕೆಲಸ ಒಬ್ಬನೇ ಮಾಡಿ ನಾಲ್ಕನೆಯವನಿಗೆ ಥ್ಯಾಂಕ್ಸ್ ಹೇಳುವ ಜಾತಿ.

ಆ ವರ್ಷ ಚಿಕುನ್‌ಗುನ್ಯಾ ಬಂದು ಅರ್ಧ ಊರಿನ ಗಂಟುಗಳನ್ನು ಹಿಡಿದಿತ್ತು. ಮಂಚಗಳು ತುಂಬಿ, ರೋಗಿಗಳನ್ನು ವಾರ್ಡಿನ ನೆಲದ ಮೇಲೆ ಚಾಪೆ ಹಾಸಿ ಮಲಗಿಸುತ್ತಿದ್ದೆವು. ಚಾಪೆಗಳಿಗೂ ನಂಬರು: ನೆಲ ಒಂದು, ನೆಲ ಎರಡು, ಹೀಗೆ. ಇಬ್ಬರು ಪಿ.ಜಿ.ಗಳಿಗೇ ಜ್ವರ ಬಂದು ಮಲಗಿದ್ದರಿಂದ ಉಳಿದವರಿಗೆ ಒಂದು ಡ್ಯೂಟಿ ಅಂದರೆ ಮೂವತ್ತಾರು ಗಂಟೆ.

ಬೋಪಯ್ಯನ ವಿಷಯದಲ್ಲಿ ನನಗೆ ಮೊದಲು ಹುಟ್ಟಿದ್ದು ಗಾಬರಿಯಲ್ಲ, ಕುತೂಹಲ. ಲಿಫ್ಟಿನ ಗುಂಡಿ ಒತ್ತುತ್ತಿದ್ದ, ಬಾಗಿಲು ತೆರೆದರೆ ಒಳಗೆ ಹೋಗುತ್ತಿರಲಿಲ್ಲ. ಕೈ ತೊಳೆಯಲು ಹೋದವನು ಹತ್ತು ನಿಮಿಷ ನಲ್ಲಿಯ ಮುಂದೆಯೇ ನಿಂತಿರುತ್ತಿದ್ದ. ಮಲಗಲು ಎರಡು ಗಂಟೆ ಬಿಡುವು ಸಿಕ್ಕರೆ ಕಣ್ಣು ಬಿಟ್ಟುಕೊಂಡು ಫ್ಯಾನು ನೋಡುತ್ತಿದ್ದ. ಯಾಕೆ? ಏನಾಗುತ್ತಿದೆ ಇವನೊಳಗೆ? ಪಾಠದಲ್ಲಿ ಓದಿದ ಲಕ್ಷಣಗಳು ಎದುರಿಗೇ ನಡೆದಾಡುತ್ತಿದ್ದರೂ, ಬಿಳಿ ಕೋಟು ಹಾಕಿಕೊಂಡಿದ್ದವೆಂಬ ಕಾರಣಕ್ಕೆ ನಾನು ಗುರುತು ಹಿಡಿಯಲಿಲ್ಲ.

ಕೊನೆಗೆ ಹಿಡಿದವರು ವಾರ್ಡಿನ ಹಿರಿಯ ನರ್ಸ್ ಸರೋಜ ಸಿಸ್ಟರ್. ಒಂದು ಶನಿವಾರ ಬೆಳಿಗ್ಗೆ ಕೇಸ್ ಶೀಟೊಂದನ್ನು ತಂದು ನನ್ನ ಮುಂದಿಟ್ಟರು.

“ಸಾರೇ, ಇದನ್ನು ಓದಿ.”

ವಿಳಿಂಜಂನ ಮೀನುಗಾರನೊಬ್ಬನ ಶೀಟು. ಜ್ವರ, ಗಂಟು ನೋವು, ಔಷಧ ಎಲ್ಲ ಸರಿಯಾಗಿತ್ತು. ರೋಗಿಯ ಹೆಸರು ಇರಬೇಕಾದ ಕಡೆ ಬರೆದವನು ತನ್ನದೇ ಹೆಸರನ್ನು ದುಂಡಗೆ ಬರೆದಿದ್ದ: ಬೋಪಯ್ಯ, 27 ವರ್ಷ.

“ಇವತ್ತು ಹೆಸರು ತಪ್ಪಿದೆ. ನಾಳೆ ಡೋಸ್ ತಪ್ಪಿದರೆ?” ಎಂದರು ಸಿಸ್ಟರ್. “ಆ ಮೋನ್, ಪಾಪ ಮಗು, ಮೊನ್ನೆ ಸ್ಟೋರ್ ರೂಮಿನಲ್ಲಿ ಅಳುತ್ತಿತ್ತು. ನಾನು ಕಂಡದ್ದು ಅದಕ್ಕೆ ಗೊತ್ತಿಲ್ಲ.”

ಬೋಪಯ್ಯನನ್ನು ಕ್ಯಾಂಟೀನಿಗೆ ಎಳೆದುಕೊಂಡು ಹೋದೆ.

“ಎಂತ ಮಾರಾಯ ನಿನ್ನ ಕತೆ? ನೇರ ಕೇಳ್ತೇನೆ. ಸಾಯುವ ಯೋಚನೆ ಬರ್ತದಾ?”

ಅವನು ಚಹಾಕ್ಕೆ ಸಕ್ಕರೆ ಹಾಕಿ ತಿರುವಿದ. “ಸಾಯ್ಬೇಕು ಅಂತ ಅಲ್ಲ ನಿಧಿ. ಬೆಳಿಗ್ಗೆ ಆಗದೇ ಇದ್ರೆ ಸಾಕು ಅನ್ಸುತ್ತೆ.”

“ರಜೆ ಕೇಳು.”

“ಕಲ್ಯಾಣಿ ಮೇಡಮ್ಮನ್ನಾ? ಥೀಸಿಸ್ಸಿಗೆ ಸಹಿ ಹಾಕೋದು ಅವರೇ ಕಣೋ.”

“ಹಾಗಾದ್ರೆ ಸೈಕಿಯಾಟ್ರಿಗೆ ಹೋಗುವ. ನಾನೂ ಬರ್ತೇನೆ.”

“ಅಲ್ಲಿ ಚೀಟಿ ಬರೆಯೋನು ನಮ್ಮ ಬ್ಯಾಚಿನವನೇ. ಮಧ್ಯಾಹ್ನದೊಳಗೆ ಇಡೀ ಹಾಸ್ಟೆಲಿಗೆ ಗೊತ್ತಾಗುತ್ತೆ, ಬೋಪಯ್ಯನ ತಲೆ ಕೆಟ್ಟಿದೆ ಅಂತ.” ಚಹಾ ಅಲ್ಲೇ ಬಿಟ್ಟು ವಾರ್ಡಿಗೆ ಹೋದ. ಅವನ ಕೋಣೆಯಲ್ಲಿ ನಾನೂ ಚಾಪೆ ಹಾಕುವುದೆಂದು ಆಗಲೇ ನಿಶ್ಚಯಿಸಿದೆ. ಆದರೆ ನಾನು ಕಾವಲು ಕೂತರೆ ಅವನ ಡ್ಯೂಟಿ ಕಡಿಮೆಯಾಗುತ್ತದೆಯೇ? ರಜೆ ಕೊಡುವ ಕೈ ಒಂದೇ ಇತ್ತು.

ಆ ಕೈಯ ಒಡತಿ ನಮ್ಮ ಯೂನಿಟ್ಟಿನ ಮುಖ್ಯಸ್ಥೆ ಡಾಕ್ಟರ್ ಕಲ್ಯಾಣಿ. ರೋಗಿಗಳ ಪಾಲಿಗೆ ದೇವತೆ, ನಮ್ಮ ಪಾಲಿಗೆ ದೇವರೇ ಗತಿ. ಆ ವಾರ ಕೊಚ್ಚಿಯ ಕಡೆ ಪರೀಕ್ಷಾ ಕೆಲಸವಿದ್ದುದರಿಂದ ಅಲ್ಲೇ ಪಕ್ಕದ ತ್ರಿಪ್ಪುಣಿತ್ತುರದ ತಮ್ಮ ಮನೆಯಲ್ಲಿದ್ದರು. ಊರಲ್ಲಿಲ್ಲದಿದ್ದರೂ ಅವರ ರೌಂಡ್ಸ್ ನಿಲ್ಲುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ವಾರ್ಡಿಗೆ ಫೋನ್ ಮಾಡುವರು. ನಮ್ಮಲ್ಲೊಬ್ಬ ಒಂದೊಂದೇ ಶೀಟು ಓದಬೇಕು. ಅವರು ಅಲ್ಲಿಂದ ಹೇಳಿದ್ದನ್ನು ಸಿಸ್ಟರ್ ಇಲ್ಲಿ ಆರ್ಡರ್ ಬುಕ್ಕಿನಲ್ಲಿ ಬರೆಯಬೇಕು. ಬರೆದದ್ದನ್ನು ಬದಲಿಸುವ ಹಕ್ಕು ಯಾರಿಗೂ ಇರಲಿಲ್ಲ. ಸ್ವತಃ ಮೇಡಂ ಕೂಡ ಬದಲಿಸಿದ್ದನ್ನು ಯಾರೂ ಕಂಡಿರಲಿಲ್ಲ.

ನಾನು ಯೋಚಿಸಿದೆ: ಬೋಪಯ್ಯನನ್ನು ಡಾಕ್ಟರ್ ಎಂದು ನೋಡಿದರೆ ಬೈಗುಳ. ರೋಗಿ ಎಂದು ಕೇಳಿದರೆ?

ಭಾನುವಾರ ಬೆಳಿಗ್ಗೆ ಒಂದು ಶೀಟು ಬರೆದೆ. ನೆಲ ಒಂಬತ್ತು. ನಮ್ಮಲ್ಲಿದ್ದದ್ದು ಎಂಟೇ ಚಾಪೆ. ಹೆಸರಿನ ಜಾಗ ಖಾಲಿ. ಸುಳ್ಳು ಒಂದಕ್ಷರ ಬರೆಯಲಿಲ್ಲ. ಕೆಲಸ ಎಂಬಲ್ಲಿ ‘ಹೊರೆ ಹೊರುವುದು’ ಎಂದೆ. ಸಿಸ್ಟರಿಗೆ ತೋರಿಸಿದೆ. ಅವರು ಓದಿ, ಪೆನ್ನಿನ ಮುಚ್ಚಳ ತೆಗೆದು, ಆರ್ಡರ್ ಬುಕ್ ಹತ್ತಿರ ಎಳೆದುಕೊಂಡು ಕೂತರು.

ಹನ್ನೊಂದಕ್ಕೆ ಫೋನ್ ಬಂತು. ಓದುವ ಸರದಿ ಬೋಪಯ್ಯನದು. ಮೇಡಮ್ಮಿನ ಧ್ವನಿ ಎಷ್ಟು ದೊಡ್ಡದೆಂದರೆ ರಿಸೀವರ್ ಅವನ ಕಿವಿಯಲ್ಲಿದ್ದರೂ ಮಾತು ನಮ್ಮೆಲ್ಲರಿಗೂ ಕೇಳುತ್ತಿತ್ತು. ಇನ್ನು ಮುಂದಿನದೆಲ್ಲ ನಡೆದದ್ದು ಮಲಯಾಳದಲ್ಲಿ. ಕನ್ನಡಕ್ಕೆ ತಂದ ಪಾಪ ನನ್ನದು. ನೆಲ ಎಂಟು ಮುಗಿಯಿತು. ನಾನು ಒಂಬತ್ತನ್ನು ಅವನ ಕೈಗಿಟ್ಟೆ. ಅವನು ಅದನ್ನೂ ರೈಲಿನ ವೇಳಾಪಟ್ಟಿ ಓದುವಂತೆ ಓದತೊಡಗಿದ.

“ಇಪ್ಪತ್ತೇಳು ವರ್ಷದ ಗಂಡಸು. ಕೆಲಸ ಹೊರೆ ಹೊರುವುದು. ಎಂಟು ವಾರದಲ್ಲಿ ಏಳು ಕಿಲೋ ಇಳಿದಿದ್ದಾನೆ. ಜ್ವರ ಇಲ್ಲ. ಬಿಡುವು ಸಿಕ್ಕರೂ ನಿದ್ದೆ ಇಲ್ಲ. ಒಬ್ಬನೇ ಕೂತು ಅಳುತ್ತಾನೆ...”

“ಚಾಲೈ ಮಾರ್ಕೆಟಿನವನಾ?” ಮೇಡಂ ತಡೆದರು. “ದಿನಕ್ಕೆ ಎಷ್ಟು ಗಂಟೆ ಕೆಲಸ?”

“ಒಟ್ಟಿಗೆ ಮೂವತ್ತಾರು ಗಂಟೆ ಅಂತ ಬರೆದಿದೆ ಮೇಡಂ.”

“ಮೂವತ್ತಾರಾ! ಯೂನಿಯನ್ ಏನು ಮಾಡ್ತಿದೆ?”

“ಯೂನಿಯನ್... ಇಲ್ಲ ಅಂತ ಇದೆ.”

“ಕೇರಳದಲ್ಲಿ ಯೂನಿಯನ್ ಇಲ್ಲದ ಹೊರೆಯಾಳಾ? ಎಲ್ಲಿಂದ ಹಿಡ್ಕೊಂಡು ಬಂದ್ರಿ ಇವನನ್ನ? ಮುಂದೆ ಓದು.”

“ಬೆಳಿಗ್ಗೆ ಆಗದೇ ಇದ್ದರೆ ಸಾಕು ಎನ್ನು—”

ಅಲ್ಲಿ ನಿಂತ. ಶೀಟು ನೋಡಿದ, ನನ್ನನ್ನು ನೋಡಿದ. ಫೋನ್ ಕುಕ್ಕಿ ಇಡಬಹುದಿತ್ತು, ನನ್ನ ಕೆನ್ನೆಗೆ ಬಾರಿಸಬಹುದಿತ್ತು. ಎರಡಕ್ಕೂ ನಾನು ತಯಾರಿದ್ದೆ. ಅವನು ಸ್ಟೂಲಿನ ಮೇಲೆ ಕೂತು ರಿಸೀವರನ್ನು ನನಗೆ ಚಾಚಿದ. “ನೀನೇ ಮಾತಾಡು,” ಎಂದ ತುಟಿಯಲ್ಲೇ.

“ಮೇಡಂ, ನಾನು ಶ್ರೀನಿಧಿ. ಬೋಪಯ್ಯನಿಗೆ... ನೀರು ಬೇಕಂತೆ. ಈ ನೆಲ ಒಂಬತ್ತಕ್ಕೆ ಏನು ಬರೆಯೋಣ?”

“ಏನು ಬರೆಯೋಣ ಅಂತ ಕೇಳ್ತೀಯಾ? ಸಿಸ್ಟರ್ ಬರೀಲಿ. ಅವನನ್ನು ಒಬ್ಬನೇ ಬಿಡಬಾರದು. ಇವತ್ತೇ ಸೈಕಿಯಾಟ್ರಿಸ್ಟ್ ನೋಡಬೇಕು. ಎರಡು ವಾರ ಹೊರೆ ಮುಟ್ಟಬಾರದು. ಆಮೇಲೂ ಎಂಟು ಗಂಟೆ, ಒಂದು ನಿಮಿಷ ಜಾಸ್ತಿ ಇಲ್ಲ.”

“ಅವನಿಗೆ ನಾಚಿಕೆ ಮೇಡಂ. ಇಲ್ಲಿ ಎಲ್ಲರೂ ಗುರುತಿನವರು.”

“ಹಾಗಾದ್ರೆ ಇಲ್ಲಿ, ನನ್ನ ಹತ್ತಿರದ ಎರ್ನಾಕುಳಂಗೆ ಕಳಿಸಿ. ನನ್ನ ಸ್ನೇಹಿತೆ ನಿರ್ಮಲ ಇಲ್ಲಿ ಸೈಕಿಯಾಟ್ರಿಸ್ಟ್, ನಾನೇ ಹೇಳ್ತೇನೆ. ಬರೆದ್ರಾ?”

ಸಿಸ್ಟರ್ ಬರೆದು ಕೆಳಗೆ ಗೆರೆ ಎಳೆದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಜಾಣ. ಆದರೆ ಬಾಯಿ ಸುಮ್ಮನಿರಲಿಲ್ಲ.

“ಕೆಲಸ ಕೊಟ್ಟವರು ರಜೆ ಕೊಡಲ್ಲ ಮೇಡಂ.”

“ಯಾರದು? ಅಲ್ಲೇ ಇದ್ದಾರಾ? ಕೊಡು ಫೋನ್!”

ನಾನು ರಿಸೀವರನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿದೆ, ಗಂಟಲು ಸರಿಮಾಡಿಕೊಂಡೆ, ಒಂದೂವರೆ ವರ್ಷದಿಂದ ಬಾತ್‌ರೂಮಿನಲ್ಲಿ ಅಭ್ಯಾಸ ಮಾಡಿದ್ದ ಮೇಡಮ್ಮಿನ ಧ್ವನಿಯನ್ನು ತೆಗೆದೆ. ಮೂಗಿನಿಂದ ಹೊರಟು ಕೊನೆಯ ಪದವನ್ನು ಕುಟ್ಟುವ ಧ್ವನಿ.

“ರಜೆಯಾ? ನಾವು ಕಲಿಯುವಾಗ ಎಪ್ಪತ್ತೆರಡು ಗಂಟೆ ನಿಂತಿದ್ದೇವೆ! ನಿಂತು ಏನಾದರೂ ಸತ್ತಿದ್ದೇವಾ? ನಿದ್ದೆ ಬೇಕಾದವರು ಈ ಕೆಲಸಕ್ಕೆ ಬರಬಾರದು!”

ತಮ್ಮ ಧ್ವನಿ ತಮಗೇ ಗುರುತಾಗುವುದಿಲ್ಲ ಎನ್ನುತ್ತಾರಲ್ಲ, ಅದು ನಿಜವೇ ಎಂಬ ನನ್ನ ಬಹುದಿನದ ಕುತೂಹಲಕ್ಕೆ ಅಂದು ಉತ್ತರ ಸಿಕ್ಕಿತು.

“ಎಂಥ ಹೆಂಗಸು ರೀ ನೀವು!” ಮೇಡಂ ಸಿಡಿದರು. “ನಿಮಗೆ ಮನುಷ್ಯತ್ವ ಇದೆಯಾ? ನೀವು ನಿಂತಿದ್ದಕ್ಕೆ ಅವನೂ ನಿಂತು ಸಾಯ್ಬೇಕಾ? ಪೊಲೀಸಿಗೆ ಕೊಡ್ತೇನೆ! ಹೆಸರು ಹೇಳಿ ನಿಮ್ಮದು!”

ಹಿಂದೆ ಸರಿಯಲು ದಾರಿ ಇರಲಿಲ್ಲ. ಅದೇ ಧ್ವನಿಯಲ್ಲಿ ಹೇಳಿದೆ: “ಡಾಕ್ಟರ್ ಕಲ್ಯಾಣಿ. ಮೆಡಿಸಿನ್ ಯೂನಿಟ್ ಮೂರು.”

ತ್ರಿಪ್ಪುಣಿತ್ತುರದ ಯಾವುದೋ ಆಟೋ ಹಾರ್ನ್ ಫೋನಿನಲ್ಲಿ ಕೇಳಿಸಿತು. ನನ್ನ ಥೀಸಿಸ್ ಕಡಲಪಾಲಾಯಿತು ಎಂದುಕೊಂಡೆ.

ಆಮೇಲೆ ತಗ್ಗಿದ ದನಿ ಬಂತು. “ನೆಲ ಒಂಬತ್ತು ಯಾರು?”

ನಾನು ಬಾಯಿ ತೆರೆಯುವ ಮುಂಚೆ ಬೋಪಯ್ಯ ಎದ್ದು ಬಂದು ರಿಸೀವರ್ ತೆಗೆದುಕೊಂಡ. “ನಾನು ಮೇಡಂ.”

“ನಿನ್ನೆ ಏನು ತಿಂದೆ ಮೋನೇ?”

ಅವನು ಪ್ರಾಮಾಣಿಕವಾಗಿ ಯೋಚಿಸಿದ. “ನೆನಪಾಗ್ತಿಲ್ಲ.”

“ಆರ್ಡರ್ ಬುಕ್ಕಿನಲ್ಲಿ ಏನು ಬರೆದಿದೆ?”

“ಎರಡು ವಾರ ಹೊರೆ ಮುಟ್ಟಬಾರದು ಅಂತ.”

“ನಾನು ಬರೆಸಿದ್ದನ್ನು ಬದಲಾಯಿಸಿದ್ದು ನೋಡಿದ್ದೀಯಾ?”

“ಇಲ್ಲ.”

“ಈಗ ಊಟ ಮಾಡು. ಮಧ್ಯಾಹ್ನದ ಗಾಡಿ ಹತ್ತು, ಆ ಶ್ರೀನಿಧಿಯ ಜತೆ. ಸ್ಟೇಷನ್ನಿಗೆ ನಾನು ಬರ್ತೇನೆ. ವಾರ್ಡಿಗೆ ಎರಡನೇ ಯೂನಿಟ್ಟಿನವರನ್ನು ಕಳಿಸಲು ಹೇಳ್ತೇನೆ. ಉಳಿದವರ ಡ್ಯೂಟಿ ಪಟ್ಟಿಯನ್ನೂ ಇವತ್ತೇ ಕೂತು ತಿದ್ದುತ್ತೇನೆ. ಯಾರಿಗೂ ಏನೂ ಹೇಳಬೇಕಾಗಿಲ್ಲ. ಮೇಡಂ ಕರೆಸಿದರು ಅಂದರೆ ಸಾಕು.”

ಬೋಪಯ್ಯ “ಹೂಂ” ಅಂದ. ಸಿಸ್ಟರ್ ಅವನ ಬೆನ್ನ ಮೇಲೆ ಕೈಯಿಟ್ಟರು.

“ಫೋನ್ ಅವನಿಗೆ ಕೊಡು.”

ಕೊಟ್ಟ. ನಾನು ಅಟೆನ್ಷನ್ನಿನಲ್ಲಿ ನಿಂತೆ.

“ಎಡೋ, ಆ ಹೆಂಗಸನ್ನು ಇನ್ನೊಮ್ಮೆ ಮಾತಾಡಿಸು.”

“ಮೇಡಂ, ಕ್ಷಮಿಸಿ, ನಾನು—”

“ಮಾತಾಡಿಸು ಅಂದೆ.”

ಅದೇ ಮೂಗಿನ ಧ್ವನಿ ತೆಗೆದೆ. “ನಿಂತು ಏನಾದರೂ ಸತ್ತಿದ್ದೇವಾ?”

ಆ ಕಡೆಯಿಂದ ಪ್ರೆಷರ್ ಕುಕ್ಕರಿನ ಹಾಗೆ ಒಂದು ಸಣ್ಣ ಸದ್ದು. “ಹೀಗಾ? ದೇವರೇ, ಹೀಗಾ ನಾನು?” ಸದ್ದು ಒಡೆಯಿತು. ಸರೋಜ ಸಿಸ್ಟರ್ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬೋಪಯ್ಯನ ಹೆಗಲು ಕುಲುಕಿತು. ಮುಖ ಒದ್ದೆಯಾಗಿತ್ತು, ನಗುವೇ ಎಂದು ನೋಡಿ ಖಚಿತ ಮಾಡಿಕೊಂಡೆ. ಫೋನಿನ ಆಚೆ ಮೇಡಮ್ಮಿನ ವಯಸ್ಸಾದ ತಾಯಿ ಇರಬೇಕು, “ಎಂತಾ ಮೋಳೇ, ಎಂತು ಪಟ್ಟಿ?”, ಏನಾಯಿತು ಮಗಳೇ, ಎಂದು ಗಾಬರಿಯಿಂದ ಕೇಳುವುದು ಕೇಳಿಸಿತು.

“ಏನಿಲ್ಲ ಅಮ್ಮೇ,” ಎಂದರು ಮೇಡಂ, “ಒಬ್ಬಳು ರಾಕ್ಷಸಿಯನ್ನು ಪೊಲೀಸಿಗೆ ಕೊಡ್ತೇನೆ ಅಂದೆ, ನೋಡಿದರೆ...” ಮುಂದಿನದನ್ನು ಹೇಳಲು ಅವರಿಂದಾಗಲಿಲ್ಲ. ನಮ್ಮ ಮೂವರ ನಗುವನ್ನೂ ಮುಳುಗಿಸಿ ಅವರ ನಗು ರಿಸೀವರಿನಿಂದ ಹೊರಗೆ ಬರುತ್ತಲೇ ಇತ್ತು; ಕೊನೆಗೆ ನೆಲ ಎರಡರ ಅಜ್ಜ ಗಂಟು ನೋವನ್ನೂ ಮರೆತು, ಚಾಪೆಯ ಮೇಲೆ ಎದ್ದು ಕೂತು ನಮ್ಮ ಕಡೆ ನೋಡಿದ.