ನಮ್ಮತ್ತೆಯ ಶೇಕಡಾ ಐದು

ಆಣೆಕಲ್ಲು ಬಿದ್ದರೆ ಎಲ್ಲರ ತೋಟದ ಮೇಲೂ ಬೀಳುತ್ತದೆ. ನಮ್ಮತ್ತೆ ಶಂಕ್ರೆವ್ವನವರ ದ್ರಾಕ್ಷಿ ಪಡ ಒಂದನ್ನೇ ಬಿಟ್ಟು ಆಚೀಚೆ ಬೀಳುವ ಆಣೆಕಲ್ಲನ್ನು ನಾನಂತೂ ಕಂಡಿಲ್ಲ. ಆದರೆ ನನ್ನ ಕಂಪ್ಯೂಟರು ಹಾಗೇ ಹೇಳುತ್ತಿತ್ತು.

ನಾನು ವಿಜಯಪುರದ ಒಂದು ವಿಮಾ ಕಚೇರಿಯಲ್ಲಿ ಅಂಕಿಗಳ ಜೊತೆ ಜಗಳಾಡುವವಳು. ಮಳೆ, ಗಾಳಿ, ಆಣೆಕಲ್ಲು, ಏನೇ ಬರಲಿ, ಯಾರ ಹೊಲದಲ್ಲಿ ನೂರಕ್ಕೆ ಎಷ್ಟು ಹಾಳಾಯಿತು ಎಂದು ಕಂಪ್ಯೂಟರಿನ ನಕ್ಷೆಯಲ್ಲಿ ಚುಕ್ಕಿ ಇಟ್ಟು ನೋಡಬೇಕು. ಬಬಲೇಶ್ವರದ ಕಡೆಯಿಂದ ಎದ್ದ ಮೋಡ ತಿಕೋಟಾದ ಪಡಗಳನ್ನು ಬಡಿದು ಹೋದ ಮೇಲೆ ಚುಕ್ಕಿಗಳೆಲ್ಲ ಎಂಬತ್ತರ ಆಸುಪಾಸು ಗುಂಪುಗೂಡಿದ್ದವು. ಒಂದು ಮಾತ್ರ ಕೆಳಗೆ, ಐದರ ಹತ್ತಿರ, ಮುನಿಸಿಕೊಂಡು ಕೂತಿತ್ತು. ಯಾರದೆಂದು ನೋಡಿದೆ. ನಮ್ಮತ್ತೆಯದು. ನನ್ನ ತಲೆ ಕೆಟ್ಟಿತು.

ಸರ್ವೇ ಮಾಡಿ ಬಂದಿದ್ದ ಚಂದ್ರಕಾಂತ ಸಾಹೇಬರಿಗೆ ತೋರಿಸಿದೆ. ಅವರು ಕನ್ನಡಕ ಮೇಲೇರಿಸಿದರು.

“ನಡುವಿನ ಪಡಕ್ಕ ಏನೂ ಆಗಿಲ್ಲಂದ್ರ, ಆಜೂಬಾಜೂದವ್ರು ಬಡಿಗಿ ತಗೊಂಡು ತಾವ ಗೊನಿ ಬಡದಾರ ನೋಡ್ರಿ. ಇನ್ನೊಮ್ಮೆ ನೋಡೂ ತನಕ ಆ ಸಾಲಿನ್ಯಾಗ ಯಾರಿಗೂ ಪರಿಹಾರ ಬ್ಯಾಡ.”

ಸುದ್ದಿ ತಿಕೋಟಾ ಮುಟ್ಟಲು ಎಷ್ಟು ಹೊತ್ತು? ಅತ್ತೆಯ ಪಕ್ಕದ ಪಡದ ಬಸಗೊಂಡಪ್ಪ ಕಾಕಾ ನನಗೇ ಫೋನು ಹಚ್ಚಿದರು.

“ಏನವಾ ಸೌಭಾಗ್ಯಾ, ನಿಮ್ಮತ್ತಿ ಪಡಕ್ಕ ದೇವ್ರು ಛತ್ರಿ ಹಿಡಿದಿದ್ನೇನ? ನಮ್ಮನ್ನ ಕಳ್ಳರನ್ನ ಮಾಡೀರಿ.”

ಮರುದಿನ ಸಾಹೇಬರ ಜೊತೆ ತಿಕೋಟಾಕ್ಕೆ ಹೋದೆ. ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಸಾಹೇಬರು ಜಗಲಿಯ ಮೇಲೆ ಕೂತರು. ಒಳಗೆ ಅತ್ತೆ ಅವರಿಗಾಗಿ ಚುರುಮುರಿ ನೆನೆಸಿ ಸೂಸಲಾ ಒಗ್ಗರಣೆ ಹಾಕುತ್ತಿದ್ದರು.

“ಅತ್ತೀ, ಪಡ ಹೆಂಗೈತ್ರಿ? ಖರೇ ಹೇಳ್ರಿ.”

“ಚಲೋ ಐತಿ.”

“ಅತ್ತೀ.”

ಸೌಟು ನಿಂತಿತು. “ಸರ್ವೇದವ್ರು ಬರ್ತಾರಂತ ತಿಳೀತು. ಆಳು ಹಚ್ಚಿ ಬಿದ್ದದ್ದೆಲ್ಲಾ ಕಸಾ ಹೊಡಿಸಿದೆ. ಮನಿ ಗ್ವಾಡಿ ಆಸರಿಗೆ ಒಂದು ಸಾಲು ಉಳದಿತ್ತು, ಅದನ್ನಷ್ಟ ತೋರಿಸಿ ಚಾ ಕುಡಿಸಿ ಕಳಿಸಿದೆ. ಹಾಳಬಿದ್ದ ಪಡದಾಗ ಮಂದೀನ ಕರಕೊಂಡ ಹೋಗಾಕ ನಾಚಿಕಿ ಬರೂದಿಲ್ಲೇನ?”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದವರು ಈ ಅಡುಗೆಮನೆಗೆ ಬಂದು ಹೋಗಿರಬೇಕು. ಸಿಟ್ಟು ನೆತ್ತಿಗೇರಿತು.

“ನಿಮ್ಮ ನಾಚಿಕಿಗೆ ಬಸಗೊಂಡಪ್ಪ ಕಾಕಾ ಕಳ್ಳ ಆಗಾಕತ್ತಾರ. ಸಾಲಿಗೆ ಸಾಲು ಮಂದಿ ಮುಳಗ್ತಾರ.”

ಅತ್ತೆ ಒಲೆ ಆರಿಸಿ, ತಲೆ ಮೇಲೆ ಸೆರಗು ಹೊದ್ದು ಹೊರಗೆ ಬಂದರು. “ಬರ್ರಿ ಸಾಹೇಬ್ರ,” ಎಂದು ಹಿತ್ತಲಿನ ತಿಪ್ಪೆಗೆ ಕರೆದೊಯ್ದು, ಮೇಲೆ ಹೊದಿಸಿದ್ದ ತಾಡಪತ್ರಿ ಎಳೆದರು. ಒಡೆದ, ಕೊಳೆತ ಗೊನೆಗಳ ಗುಡ್ಡೆಯಿಂದ ನೊಣಗಳು ಎದ್ದವು.

“ಅವತ್ತ ಯಾಕ ತೋರಸಲಿಲ್ರಿ?” ಎಂದರು ಸಾಹೇಬರು.

“ಮನಿಗೆ ಬಂದವರಿಗೆ ತಿಪ್ಪಿ ತೋರಸ್ತಾರೇನ್ರಿ?” ಅತ್ತೆಯ ದನಿ ಒಡೆಯಿತು. “ಎಲ್ಲಾ ಹೋತ್ರಿ. ಕೂಸಿನಂಗ ಜ್ವಾಪಾನ ಮಾಡಿದ್ದೆ.”

ಅವರು ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕೈ ಹಿಡಿದುಕೊಂಡೆ.

ಸಾಹೇಬರು ಈ ಸಲ ಒಳಗಿನ ಸಾಲುಗಳನ್ನೆಲ್ಲ ತಿರುಗಾಡಿ ಬಂದರು. ಅಷ್ಟರಲ್ಲಿ ಬಸಗೊಂಡಪ್ಪ ಕಾಕಾ ಬೇಲಿಯ ಆಚೆ ಬಂದು ನಿಂತಿದ್ದರು. “ನೂರಕ್ಕ ಎಂಬತ್ನಾಕು ಲುಕ್ಸಾನ ಆಗೇತಿ. ನಿಮ್ಮ ಆಜೂಬಾಜೂದವ್ರದೂ ಖರೇನ ಐತಿ,” ಎಂದರು ಸಾಹೇಬರು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಬೇಲಿಯ ಕಡೆ ನೋಡಿದರು.

“ಬಸಗೊಂಡಪ್ಪಂದೆಷ್ಟ ಬರಕೊಂಡೀರಿ?”

“ಎಂಬತ್ತೆರಡು.”

“ಹಂಗಾದ್ರ ನಂದು ಎಂಬತ್ತೊಂದು ಹಾಕ್ರಿ,” ಎಂದರು ಅತ್ತೆ. “ಹಾಳಾಗೂದ್ರಾಗ ಅವ್ನೇ ಮುಂದಿರ್ಲಿ.”