ಬೆಕ್ಕಿನ ಕಿಂಡಿ

ಮನೆ ಕಟ್ಟಿ ನೋಡು, ಮಗನನ್ನು ಬಚ್ಚಿಟ್ಟು ನೋಡು! ಗಾದೆ ಹೀಗಲ್ಲ ಎನ್ನುವವರು ಚಳ್ಳಕೆರೆಯ ಶೇಂಗಾ ವ್ಯಾಪಾರಿ ಮುರುಗೇಂದ್ರಪ್ಪನವರ ಮನೆಗೆ ಬರಬೇಕಿತ್ತು. ಇದು ನಡೆದ ಸಂಗತಿ. ಒಗ್ಗರಣೆಗೂ ಸುಳ್ಳಿನ ಸಾಸಿವೆ ಹಾಕಿಲ್ಲ.

ಮಗಳು ಮಂಗಳಗೌರಿಗೆ ಸಂಬಂಧ ಕೇಳಿಕೊಂಡು ಯಾರೇ ಬರಲಿ, ಉಪ್ಪಿಟ್ಟಿಗೆ ರವೆ ಹುರಿಯುವ ಮೊದಲೇ ಆ ಮನೆಯಲ್ಲಿ ಆಗುವ ಕೆಲಸವೊಂದಿತ್ತು: ಹತ್ತೊಂಬತ್ತರ ಮಗ ಸಂಗಮೇಶನನ್ನು ಗಾಲಿಕುರ್ಚಿ ಸಮೇತ ಶೇಂಗಾ ಚೀಲದ ಕೋಣೆಗೆ ತಳ್ಳಿ ಚಿಲಕ ಹಾಕುವುದು. ಸಂಗಮೇಶನಿಗೆ ಸೆರೆಬ್ರಲ್ ಪಾಲ್ಸಿ. ಕೈಕಾಲು ಹೇಳಿದಂತೆ ಕೇಳವು, ಮಾತು ಎಳೆದೆಳೆದು ಬರುತ್ತದೆ. ಬುದ್ಧಿ ಮಾತ್ರ ಅಪ್ಪನ ತಕ್ಕಡಿಗಿಂತ ನೆಟ್ಟಗೆ.

ಆ ಭಾನುವಾರ ಮಧ್ಯಾಹ್ನ ಮೊಳಕಾಲ್ಮೂರಿನಲ್ಲಿ ಅವನಂಥ ಹುಡುಗರ ಬೋಚಿಯಾ ಪಂದ್ಯ. ಕುರ್ಚಿಯಲ್ಲಿ ಕೂತೇ ಬಿಳಿ ಚೆಂಡಿನ ಹತ್ತಿರಕ್ಕೆ ಬಣ್ಣದ ಚೆಂಡು ಉರುಳಿಸುವ ಆಟ. ಶಾಲೆ ಮೈದಾನದಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ. ಅಂದೇ ರಾಂಪುರದಿಂದ ಗಂಡಿನ ಅಪ್ಪ ಓಂಕಾರಮೂರ್ತಿ ಮನೆತನ ನೋಡಲು ಬರುವವರಿದ್ದರು.

"ಪಂದ್ಯ ಮುಂದಿನ ವರ್ಷನೂ ಐತೆ. ಸಂಬಂಧ ಐತಾ?" ಎಂದರು ಅಪ್ಪ.

"ಅವನೇನು ಕದ್ದ ಮಾಲಾ ಅಪ್ಪಾ, ಬಚ್ಚಿಡೋಕೆ?" ಎಂದಳು ಮಂಗಳಗೌರಿ.

"ಇವನ್ನ ಕಂಡ್ರೆ ರಕ್ತದಾಗೇ ದೋಷ ಐತೆ ಅಂತಾರೆ ಕಣವ್ವ," ಎಂದಳು ಅವ್ವ ಸರ್ವಮಂಗಳ, ಈರುಳ್ಳಿ ಹೆಚ್ಚುತ್ತಾ.

"ಹುಟ್ಟೋವಾಗ ಉಸಿರು ಸಿಗದೆ ಮಿದುಳಿಗೆ ಪೆಟ್ಟಾಯ್ತು ಅಂತ ಡಾಕ್ಟ್ರು ನಿಮ್ಮೆದುರಿಗೇ ಹೇಳಿದ್ರಲ್ಲ! ಇನ್ನೆಷ್ಟು ಸಲ ಹೇಳ್ಬೇಕವ್ವಾ?"

ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು. ಮಂಗಳಗೌರಿ ತಾನೇ ತಮ್ಮನನ್ನು ಕೋಣೆಗೆ ತಳ್ಳಿಕೊಂಡು ಹೋದಳು. ಆ ಬಾಗಿಲ ಬುಡದಲ್ಲಿ, ಇಲಿ ಹಿಡಿಯುವ ಬೆಕ್ಕು ಓಡಾಡಲೆಂದು ಕೊರೆದ ಕಿಂಡಿಯಿತ್ತು. ಅದರಲ್ಲಿ ಪಡಸಾಲೆಯ ಸೋಫಾದ ಬುಡ ಕಾಣುತ್ತಿತ್ತು. ಕುರ್ಚಿಯನ್ನು ಅದಕ್ಕೆದುರಾಗಿ ನಿಲ್ಲಿಸಿ, ಚೆಂಡಿನ ಚೀಲವನ್ನು ಅವನ ತೊಡೆಯ ಮೇಲಿಟ್ಟು, ಕಣ್ಣು ಹೊಡೆದು ಚಿಲಕ ಹಾಕಿದಳು.

ಓಂಕಾರಮೂರ್ತಿ ಬಂದರು. ಹಣೆಗೆ ವಿಭೂತಿ, ಗರಿಗರಿ ಪಂಚೆ, ನಗುವನ್ನು ಊರಲ್ಲೇ ಬಿಟ್ಟು ಬಂದ ಮುಖ.

"ಮಕ್ಕಳೆಷ್ಟು?"

"ಒಬ್ಳೇ ರೀ," ಎಂದರು ಮುರುಗೇಂದ್ರಪ್ಪ.

ಬೆಳ್ಳಗಿನದೊಂದು ಕಿಂಡಿಯಿಂದ ಉರುಳಿ ಬಂದು ಓಂಕಾರಮೂರ್ತಿಯವರ ಹಿಮ್ಮಡಿಗೆ ತಾಗಿತು. "ಅಯ್ಯೋ, ಹೆಗ್ಗಣ!" ಎಂದು ಅವರು ಎರಡೂ ಕಾಲನ್ನು ಸೋಫಾ ಮೇಲೆತ್ತಿಕೊಂಡರು. ಕೈಲಿದ್ದ ಕಾಫಿ ಪಂಚೆ ಸೇರಿತು.

"ಹೆಗ್ಗಣ ಅಲ್ಲ ರೀ, ಚೆಂಡು. ನಮ್ಮ ಬೆಕ್ಕು ಆಡ್ತೈತೆ."

ಕೆಂಪು ಚೆಂಡೊಂದು ಬಂದು ಬಿಳಿಯದಕ್ಕೆ ಒರಗಿ ನಿಂತಿತು. ಹಿಂದೆಯೇ ಇನ್ನೊಂದು ಬಂದು ಅದರ ಪಕ್ಕ ಕೂತಿತು.

"ಬೆಕ್ಕು ಗುರಿಯಿಟ್ಟು ಹೊಡೀತೈತಾ, ಯಜಮಾನ್ರೇ?"

ಮುರುಗೇಂದ್ರಪ್ಪ ಬಾಯಿ ತೆರೆಯುವುದರೊಳಗೆ ಮಂಗಳಗೌರಿ ಚಿಲಕ ತೆಗೆದಳು.

"ಇವನು ನನ್ನ ತಮ್ಮ, ಸಂಗಮೇಶ. ಇವನ್ನ ಬಚ್ಚಿಟ್ಟು ಆಗೋ ಮದುವೆ ನಂಗೆ ಬ್ಯಾಡ. ನೀವು ಬ್ಯಾಡ ಅಂದ್ರೂ ಬೇಜಾರಿಲ್ಲ. ಈಗ ನಾವಿಬ್ರೂ ಮೊಳಕಾಲ್ಮೂರಿಗೆ ಹೊರಟ್ವಿ, ಆಟ ಐತೆ."

ಅವ್ವ ಉಪ್ಪಿಟ್ಟಿನ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಿಗೆ ಬಂದಳು. ಓಂಕಾರಮೂರ್ತಿ ಹುಡುಗನನ್ನು ನೋಡಿದರು, ಚೆಂಡುಗಳನ್ನು ನೋಡಿದರು, ಮೇಲೆತ್ತಿಕೊಂಡ ತಮ್ಮ ಕಾಲುಗಳನ್ನು ನೋಡಿದರು. ಸಂಗಮೇಶ ಕಷ್ಟಪಟ್ಟು ಅಪ್ಪನ ಕಡೆ ಕತ್ತು ತಿರುಗಿಸಿದ. ತುಟಿ ಸೊಟ್ಟಗಾಯಿತು, ಗಂಟಲು ತಡವರಿಸಿತು, ಕೊನೆಗೆ ನಿಚ್ಚಳವಾಗಿ ಹೊರಬಿತ್ತು:

"ಮ್ಯಾ...ವ್!"

ಮಂಗಳಗೌರಿ ನಕ್ಕಳು. ಅವ್ವ ಸೆರಗಿನೊಳಗೆ ನಕ್ಕಳು. ಎಲ್ಲರಿಗಿಂತ ಜೋರಾಗಿ, ಕಾಲನ್ನಿನ್ನೂ ಕೆಳಗಿಳಿಸದೆ, ಕಾಫಿ ಪಂಚೆಯ ಓಂಕಾರಮೂರ್ತಿ ನಕ್ಕರು.