ಹಳೇ ತುಳಿತಕ್ಕೆ ಹೊಸ ಕೈ

ದುಲ್ಮಾ ಅಜ್ಜಿ ಮನೆಗೆ ಬರುವುದನ್ನು ನಿಲ್ಲಿಸಿದ ಮೇಲೂ ಅವಳ ಮನೆಯ ಹಾಲು ಬರುವುದು ನಿಂತಿರಲಿಲ್ಲ. ಬೆಳಿಗ್ಗೆ ಹೇರಾನ್ ಬಾಗಿಲು ತೆಗೆಯುವಷ್ಟರಲ್ಲಿ ಬೇಲಿಯ ಗೂಟಕ್ಕೆ ಹಾಲಿನ ಕ್ಯಾನು ನೇತುಹಾಕಿರುತ್ತಿತ್ತು. ತುಳುಕಬಾರದೆಂದು ಮುಚ್ಚಳದ ಕೆಳಗೆ ಒಂದು ಬಟ್ಟೆಯ ತುಂಡು. ಮಂಜಿನ ಮೇಲೆ ಬಂದುಹೋದ ಹೆಜ್ಜೆಗಳು ಕಾಣುತ್ತಿದ್ದವು, ಅಜ್ಜಿ ಮಾತ್ರ ಕಾಣುತ್ತಿರಲಿಲ್ಲ.

ಹಿಂದೆ ಹಾಗಿರಲಿಲ್ಲ. ಅಜ್ಜಿ ತಾನೇ ಒಳಗೆ ಬಂದು, ಒಲೆಯ ಪಕ್ಕ ಕೂತು, ಈ ಕಡೆಯ ರೂಢಿಯಂತೆ ಉಪ್ಪು ಹಾಕಿ ಹೇರಾನ್ ಕಾಸಿದ ಚಹಕ್ಕೆ ಉಪ್ಪು ಸಾಲದೆಂದು ಬೈದು, ಅವಳ ಪುಟ್ಟ ಮಗಳು ಬೋರಾಮಳ ಕೆನ್ನೆಯನ್ನು ಮೂಸಿ ಮುದ್ದಾಡಿ ಹೋಗುತ್ತಿದ್ದಳು. ಭಾನುವಾರ ಆ ಮನೆಯಲ್ಲೇ ನಡೆಯುವ ಆರಾಧನೆಗೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದಳು. ಹೇರಾನ್ ಮತ್ತು ಅವಳ ಗಂಡ ಇನ್‌ಸೋಕ್, ಮಗಳನ್ನು ಕಟ್ಟಿಕೊಂಡು ಕೊರಿಯಾದಿಂದ ಮಂಗೋಲಿಯಾದ ಈ ಊರಿಗೆ ಸುವಾರ್ತೆ ಸಾರಲು ಬಂದ ದಿನ, ಗುಡಾರ ಕಟ್ಟಲು ಬಾರದೆ ಗಾಳಿಯಲ್ಲಿ ಒದ್ದಾಡುತ್ತಿದ್ದರು. ಆಗ ಕೈಯಿಂದ ಹಗ್ಗ ಕಿತ್ತುಕೊಂಡು, "ಇವರ ದೇವರಿಗೆ ಗಂಟು ಹಾಕಕ್ಕೂ ಬರಲ್ವಾ" ಎನ್ನುತ್ತಾ ತಾನೇ ಬಿಗಿದವಳು ಈ ಅಜ್ಜಿಯೇ. ತಾಯಿಯನ್ನು ಕೊರಿಯಾದಲ್ಲೇ ಬಿಟ್ಟುಬಂದ ಹೇರಾನ್‌ಗೆ ಅಂದಿನಿಂದ ಈ ಊರಿನಲ್ಲಿ ತಾಯಿ ಎಂಬುದೊಂದಿತ್ತು. ಈಗ ಅದು ಇಲ್ಲವಾಗಿತ್ತು.

"ನನ್ನ ಪ್ರಸಂಗದಿಂದಲೇ ಆಗಿದ್ದು" ಎಂದ ಇನ್‌ಸೋಕ್, ಒಲೆಗೆ ಬೆರಣಿ ತುಂಬುತ್ತಾ. "ಆಕಾಶಕ್ಕೆ ಹಾಲು ಎರಚಬೇಡಿ, ದೇವರಿಗೆ ಹಾಲು ಬೇಕಿಲ್ಲ, ಮನಸ್ಸು ಬೇಕು ಅಂದೆ. ಅಜ್ಜಿ ದಿನಾ ಎರಚೋರು. ಅದೇ ವಾರದಿಂದ ಬರ್ತಿಲ್ಲ."

"ನೀವು ಅಜ್ಜಿಯನ್ನ ನೋಡ್ಕೊಂಡೇ ಹೇಳಿದ್ರಿ, ಬೋರಾಮ್ ಅಪ್ಪಾ."

"ಇನ್ನೆಲ್ಲಿ ನೋಡ್ಲಿ? ಪ್ರಸಂಗ ಕೇಳೋ ಹಾಗೆ ಕೂತಿದ್ದೋರು ಅವರೊಬ್ಬರೇ."

"ಹೋಗಿ ಕ್ಷಮೆ ಕೇಳಿ."

"ಸತ್ಯ ಹೇಳಿದ್ದಕ್ಕಾ?"

"ಹೇಳಿದ ರೀತಿಗೆ."

ಅವನು ಹೋದ. ಅಜ್ಜಿ ಚಹ ಕೊಟ್ಟು, ಕುರಿಗಳ ವಿಷಯ ಮಾತಾಡಿ, ಗೌರವದಿಂದಲೇ ಕಳಿಸಿಕೊಟ್ಟಳು. "ನನ್ನ ಮೇಲೆ ಸಿಟ್ಟೇ ಇಲ್ಲದ ಹಾಗೆ ಇದ್ದರು" ಎಂದು ಬಂದು ಹೇಳಿದ. "ಅದೇ ನೋಡು, ಸಿಟ್ಟು ಎಷ್ಟು ಆಳಕ್ಕೆ ಹೋಗಿದೆ." ಆ ವಾರವೆಲ್ಲ ಒಂದು ಹೊತ್ತು ಊಟ ಬಿಟ್ಟು ಅಜ್ಜಿಗಾಗಿ ಪ್ರಾರ್ಥಿಸಿದ. ಹೇರಾನಳೂ ಪ್ರಾರ್ಥಿಸಿದಳು, ಊಟ ಮಾಡಿಕೊಂಡೇ. ದೇವರು ಕೇಳುತ್ತಾನೆ ಎಂಬುದರಲ್ಲಿ ಅವಳಿಗೆ ಎಂದೂ ಅನುಮಾನವಿರಲಿಲ್ಲ. ಯಾರ ಬಾಯಿಂದ ಉತ್ತರ ಹೇಳಿಸುತ್ತಾನೋ ಅದು ಮಾತ್ರ ಅವನ ಇಷ್ಟ.

ಆ ಸಲ ಹೇಳಿಸಿದ್ದು ಅಂಗಡಿಯ ಚಿಮ್ಗೇ ಬಾಯಿಂದ.

ಚಿಮ್ಗೇ ಭಾನುವಾರ ಬಂದರೆ ತಡವಾಗಿಯೇ ಬರುವವಳು, ಬಂದರೆ ಸದ್ದು ಮಾಡಿಯೇ ಬರುವವಳು. ಅಂದು ಇನ್‌ಸೋಕ್ ಕಾಣಿಕೆಯ ತಟ್ಟೆಯನ್ನು ಇನ್ನೇನು ಎತ್ತಬೇಕು, ಅಷ್ಟರಲ್ಲಿ ಬಾಗಿಲು ದಬ್ಬಿಕೊಂಡು ಒಳಗೆ ಬಂದು, ಕಾಲು ಚಾಚಿ ಕೂತಿದ್ದ ಹೇರಾನಳ ಪಾದವನ್ನು ಬೂಟುಗಾಲಿನಲ್ಲಿ ಚೆನ್ನಾಗಿಯೇ ತುಳಿದಳು. ತುಳಿದವಳೇ ಬಗ್ಗಿ ಅವಳ ಕೈಗೆ ಕೈ ಚಾಚಿದಳು.

"ಪರವಾಗಿಲ್ಲ, ಕೂತ್ಕೋ" ಎಂದು ಹೇರಾನ್ ಪಿಸುಗುಟ್ಟಿದಳು.

"ಕೈ ಕೊಡೇ ಮೊದಲು. ನನಗೇನು ನಿನ್ನ ಜೊತೆ ಹಗೆ ಕಟ್ಕೊಳ್ಳೋ ಆಸೆ ಇಲ್ಲ."

"ಹಗೆ ಯಾಕೆ?"

"ಕಾಲು ತುಳಿದು ಕೈ ಕೊಡದೆ ಹೋದರೆ ಇನ್ನೇನು? ನೀನು ದುಲ್ಮಾ ಅಜ್ಜಿಗೆ ಮಾಡಿದೆಯಲ್ಲ, ಹಾಗೆ."

ಹೇರಾನ್ ಅವಳನ್ನೇ ನೋಡಿದಳು. ಈ ಊರಿನವರು ಮಾತುಮಾತಿಗೆ ಕೈ ಕುಲುಕುತ್ತಾರೆ, ಒಳ್ಳೆಯ ಜನ, ಎಂದಷ್ಟೇ ಅವಳು ಇಷ್ಟು ದಿನ ತಿಳಿದುಕೊಂಡಿದ್ದಳು.

"ನಾನು ಅಜ್ಜಿಗೆ ಏನು ಮಾಡಿದೆ?"

"ಹಿಟ್ಟು ಬಂದ ದಿನ, ನನ್ನ ಅಂಗಡೀಲಿ. ಮೂಟೆ ಹೊತ್ಕೊಂಡು ತಿರುಗಿದೆ, ಅಜ್ಜಿ ಕಾಲು ತುಳಿದೆ. ನೆನಪಿಲ್ವಾ?"

"ನೆನಪಿದೆ. ಮೂಟೆ ಇಳಿಸಿ ಕ್ಷಮೆ ಕೇಳಿದೆನಲ್ಲ. ಬಗ್ಗಿ ನಮಸ್ಕಾರ ಮಾಡಿದೆ."

"ಬಗ್ಗಿದೆ, ಹೌದು. ಕಳೆದುಹೋದ ಸೂಜಿ ಹುಡುಕೋ ಹಾಗೆ ಬಗ್ಗಿದ್ದೆ. ಅಜ್ಜಿ ಪಾಪ ಕೈ ಚಾಚ್ಕೊಂಡು ನಿಂತಿದ್ದಳು ನಿನ್ನ ತಲೆ ಮೇಲೆ. ಅಂಗಡಿ ತುಂಬ ಜನ. ನೀನು ಏಳಲೇ ಇಲ್ಲ. ಕೈ ಹಿಂದಕ್ಕೆ ತಗೊಂಡು ಹೋದಳು."

ಹೇರಾನಳ ಮುಖಕ್ಕೆ ರಕ್ತ ಏರಿತು. ಅವಳ ಊರಿನಲ್ಲಿ ಹಿರಿಯರ ಮುಂದೆ ಎಷ್ಟು ಬಗ್ಗಿದರೆ ಅಷ್ಟು ಮರ್ಯಾದೆ. ಅಂದು ತನ್ನ ತಾಯಿಗೆ ಬಗ್ಗುವುದಕ್ಕಿಂತಲೂ ಹೆಚ್ಚು ಬಗ್ಗಿದ್ದಳು, ಕಣ್ಣಿಗೆ ನೆಲದ ಹಲಗೆ ಬಿಟ್ಟು ಬೇರೇನೂ ಕಾಣದಷ್ಟು. ತಲೆ ಎತ್ತಿದಾಗ ಅಜ್ಜಿ ಇರಲಿಲ್ಲ. ಕೆಲಸವಿರಬೇಕು ಎಂದುಕೊಂಡಿದ್ದಳು.

ಅವಳು ಎದ್ದು ನಿಂತಳು. ಗಂಡನ ಆರಾಧನೆಯ ನಡುವೆ ಅವಳು ಹಿಂದೆಂದೂ ಎದ್ದವಳಲ್ಲ. ಇನ್‌ಸೋಕ್ ತಟ್ಟೆ ಹಿಡಿದುಕೊಂಡೇ ಕೇಳಿದ, "ಎಲ್ಲಿಗೆ?"

"ದುಲ್ಮಾ ಅಜ್ಜಿ ಹತ್ತಿರ. ಕಾಣಿಕೆ ಕೊಡೋಕೆ ಮುಂಚೆ ಯಾರ ಜೊತೆ ಮನಸ್ತಾಪ ಇದೆಯೋ ಅವರ ಹತ್ತಿರ ಹೋಗಿ ಸರಿಮಾಡ್ಕೊಂಡು ಬಾ ಅಂತ ಬೈಬಲಲ್ಲಿ ಇದೆಯಲ್ಲ. ನೀವೇ ಓದಿ ಹೇಳಿದ್ದು."

ಬೇರೆಯವನಾಗಿದ್ದರೆ, ಮುಗಿಸಿಕೊಂಡು ಹೋಗು ಎನ್ನುತ್ತಿದ್ದನೇನೋ. ಇನ್‌ಸೋಕ್ ತಟ್ಟೆಯನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಗೋಡೆಗೆ ತೂಗುಹಾಕಿದ್ದ ಅವಳ ಕೋಟನ್ನು ತಾನೇ ತಂದು ಕೊಟ್ಟ.

"ಹೋಗಿ ಬಾ. ತಟ್ಟೆ ಇಲ್ಲೇ ಇರುತ್ತೆ. ನೀನು ಬರೋವರೆಗೂ ನಾವು ಹಾಡ್ತಾ ಇರ್ತೀವಿ."

"ನೀವು ಹಾಡ್ತೀರಾ ಪಾಸ್ಟರೇ?" ಚಿಮ್ಗೇ ಹೇರಾನ್ ಕಡೆ ತಿರುಗಿದಳು. "ಹಾಗಾದರೆ ಓಡ್ಕೊಂಡು ಬಾರೇ ತಾಯಿ."

ಅಜ್ಜಿಯ ಗುಡಾರ ದಿಬ್ಬದ ಆಚೆ ಬದಿ. "ನಾಯಿ ಹಿಡ್ಕೊಳ್ಳಿ" ಎಂದು, ಬಾಗಿಲು ತಟ್ಟುವ ಬದಲು, ದೂರದಿಂದಲೇ ಕೂಗುವ ಇಲ್ಲಿನ ರೂಢಿಯನ್ನು ಹೇರಾನ್‌ಗೆ ಕಲಿಸಿದ್ದೂ ಅಜ್ಜಿಯೇ. ಕೂಗಿದಳು. ನಾಯಿ ಬೊಗಳದೆ ಬಂದು ಅವಳ ಕೋಟು ಮೂಸಿತು.

ಒಳಗೆ ಅಜ್ಜಿ ಗಿಡ್ಡ ಮಣೆಯ ಮೇಲೆ ಕೂತು ಬಟ್ಟೆಯಲ್ಲಿ ಮೊಸರು ಹಿಂಡುತ್ತಿದ್ದಳು. ಹೇರಾನ್ ನೇರವಾಗಿ ಮುಂದೆ ಹೋಗಿ ಕೈ ಚಾಚಿದಳು.

"ಇದ್ಯಾವ ಕೈ?" ಎಂದಳು ಅಜ್ಜಿ, ಹಿಂಡುವುದನ್ನು ಬಿಡದೆ.

"ಅಂಗಡೀಲಿ ಕೊಡಬೇಕಾಗಿದ್ದ ಕೈ ಅಜ್ಜಿ. ನನಗೆ ಗೊತ್ತಿರಲಿಲ್ಲ. ಚಿಮ್ಗೇ ಈಗ ಹೇಳಿದಳು. ನೀವು ಕೈ ಚಾಚಿದ್ದನ್ನ ನಾನು ನೋಡಲೇ ಇಲ್ಲ, ನಮ್ಮಲ್ಲಿ ತಪ್ಪಾದರೆ ಬಗ್ಗಬೇಕು."

ಅಜ್ಜಿ ಕೈ ನಿಲ್ಲಿಸಿದಳು. "ನೋಡಲಿಲ್ವಾ?"

"ನೋಡಲಿಲ್ಲ."

"ನೋಡಿಯೂ ಬೇಡ ಅಂದೆ ಅಂದ್ಕೊಂಡಿದ್ದೆ. ಹಾಲು ಕರೆಯೋ ಕೈ, ವಾಸನೆ, ಇವಳು ಓದಿದೋಳು ಅಂತ." ಅಜ್ಜಿ ತನ್ನ ನಿಲುವಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು. "ಮಗು ಮೇಲೆ ಯಾಕೆ ಸಿಟ್ಟು ಅಂತ ಹಾಲು ಹಾಕ್ತಿದ್ದೆ."

"ಗೊತ್ತು ಅಜ್ಜಿ. ಈಗ ಕೈ ತಗೊಳ್ಳಿ."

"ಆಗಲ್ಲ. ಹಳೇ ತುಳಿತಕ್ಕೆ ಹೊಸ ಕೈ ನಡೆಯಲ್ಲ. ತುಳಿದ ಗಳಿಗೇಲೇ ಕೊಡಬೇಕು."

"ಮತ್ತೆ ನಾನೇನು ಮಾಡ್ಲಿ?"

ಅಜ್ಜಿ ಮೊಸರಿನ ಗಂಟನ್ನು ಪಕ್ಕಕ್ಕಿಟ್ಟು, ಎಡಗಾಲನ್ನು ಮುಂದಕ್ಕೆ ಚಾಚಿದಳು. "ತುಳಿ."

ಹಿರಿಯರ ನೆರಳನ್ನೂ ತುಳಿಯಬಾರದು ಎಂದು ಕೇಳಿ ಬೆಳೆದವಳು ಹೇರಾನ್. ಕಾಲು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿ ಬೂಟಿನ ತುದಿಯಿಂದ ಒಂದಿಷ್ಟು ಸೋಕಿಸಿದಳು.

"ಇಲಿ ಓಡಿದ ಹಾಗಾಯ್ತು" ಎಂದಳು ಅಜ್ಜಿ. "ಅವತ್ತು ಒಂಟೆ ತುಳಿದ ಹಾಗಿತ್ತು. ಹಿಟ್ಟಿನ ಮೂಟೆ ಭಾರಾನೂ ಇತ್ತು. ಸರಿಯಾಗಿ ತುಳಿ ಮಗಳೇ, ನನಗೂ ಕೆಲಸ ಇದೆ."

ಹೇರಾನ್ ಮನಸ್ಸಿನಲ್ಲೇ ತನ್ನ ತಾಯಿಯ ಕ್ಷಮೆ ಕೇಳಿ, ಕಾಲಿಟ್ಟು ಒತ್ತಿದಳು. ಅಭ್ಯಾಸಬಲದಿಂದ ಸೊಂಟ ತಾನಾಗಿ ಬಗ್ಗತೊಡಗಿತು.

"ತಲೆ ಎತ್ತು. ನೆಲದಲ್ಲಿ ಏನಿದೆ? ನನ್ನ ಮುಖ ನೋಡು."

ಅವಳು ಮುಖ ನೋಡಿದಳು. ಕೈ ಕೊಟ್ಟಳು. ಒದ್ದೆಯಾದ, ಹುಳಿ ಮೊಸರು ಮೆತ್ತಿದ, ಒರಟಾದ ಬೆಚ್ಚನೆಯ ಕೈ ಅವಳ ಕೈಯನ್ನು ಹಿಡಿದು ಒಮ್ಮೆ ಗಟ್ಟಿಯಾಗಿ ಅಲುಗಿಸಿತು. ಅಷ್ಟೇ. ಅಷ್ಟರಲ್ಲಿ ಮುಗಿದುಹೋಯಿತು.

"ಹಾಗಾದರೆ ಆ ಪ್ರಸಂಗದಿಂದ ನಿಮಗೆ ಬೇಜಾರಾಗಿರಲಿಲ್ವಾ?"

"ಯಾವುದು, ಬಾಲದ್ದಾ?"

"ಬಾಲ?"

"ಆಕಾಶಕ್ಕೆ ಬಾಲ ಎರಚಬೇಡಿ, ದೇವರಿಗೆ ಬಾಲ ಬೇಕಿಲ್ಲ ಅಂತ ನಿನ್ನ ಗಂಡ ನನ್ನೇ ನೋಡ್ಕೊಂಡು ಹೇಳಿದ. ಬಾಲ ಎರಚೋರು ಯಾರಪ್ಪ ಅಂತ ನಾನೂ ಯೋಚಿಸಿದೆ. ನಿಮ್ಮ ಕಡೆ ಯಾರೋ ಇರಬೇಕು ಅಂದ್ಕೊಂಡೆ."

ಈ ಊರಿನ ಭಾಷೆಯಲ್ಲಿ ಹಾಲಿಗೂ ಬಾಲಕ್ಕೂ ನಾಲಿಗೆ ಒಂದಿಷ್ಟು ಜಾರಿದಷ್ಟೇ ಅಂತರ. ಒಂದು ವಾರ ಉಪವಾಸವಿದ್ದ ಗಂಡನನ್ನು ನೆನೆದು ಹೇರಾನ್‌ಗೆ ನಗು ಬಂತು. ಎಷ್ಟೋ ದಿನದಿಂದ ಒಳಗೇ ಕೂತಿದ್ದ ನಗು, ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಏಕೆಂದು ಕೇಳದೆ ಅಜ್ಜಿಯೂ ನಕ್ಕಳು.

"ಬಾಲ ಅಲ್ಲ ಅಜ್ಜಿ, ಹಾಲು. ಹಾಲು ಎರಚಬೇಡಿ ಅಂದಿದ್ದು."

"ಓ." ಅಜ್ಜಿ ಸ್ವಲ್ಪ ಯೋಚಿಸಿದಳು. "ಅದನ್ನ ನಾನು ಬಿಡಲ್ಲ ಅಂತ ಹೇಳು."

"ನೀವೇ ಬಂದು ಹೇಳಿ."

"ಹೇಳ್ತೀನಿ. ಹೆದರ್ತೀನಾ?"

ಅಜ್ಜಿ ಹಿಡಿದ ಕೈಯನ್ನು ಬಿಟ್ಟಿರಲಿಲ್ಲ. ಅದನ್ನೇ ಊರಿಕೊಂಡು, ಮಂಡಿಯನ್ನು ಬೈಯುತ್ತಾ, ಎದ್ದು ನಿಂತಳು. ಹೊರಗೆ ದಿಬ್ಬದ ಮಂಜಿನ ಮೇಲೆ ಕಾಲು ಜಾರುತ್ತಿತ್ತು. ಇಬ್ಬರೂ ಒಬ್ಬರಿಗೊಬ್ಬರು ಆಸರೆಯಾಗಿ ಹತ್ತಿದರು. ನೆತ್ತಿಗೆ ಬಂದಾಗ ಆಚೆಯಿಂದ ಹಾಡು ಕೇಳಿಸಿತು. ಇನ್‌ಸೋಕನ ದನಿ ಮುಂದೆ, ಉಳಿದವರು ದಾರಿ ತಪ್ಪಿದ ಕುರಿಗಳಂತೆ ಹಿಂದೆ.

"ಎಷ್ಟು ಹೊತ್ತಿನಿಂದ ಹೀಗೆ ಹಾಡ್ತಿದಾನೆ?" ಎಂದಳು ಅಜ್ಜಿ.

"ನಾನು ಹೊರಟಾಗಿನಿಂದ."

"ಪಾಪ, ಜನ." ಅಜ್ಜಿ ಹೆಜ್ಜೆ ಜೋರು ಮಾಡಿದಳು. ಇಳಿಜಾರಿನ ಅರ್ಧದಲ್ಲೇ ಗಂಟಲು ಸರಿಮಾಡಿಕೊಂಡು, ಮುಂದಿನ ಸಾಲನ್ನು ತಾನೇ ಎತ್ತಿಕೊಂಡಳು.